ಹಳೆ ವಿಮಾನದ ತಪಾಸಣೆಯಲ್ಲಿ ದೋಷ ಸಿಕ್ಕಿತೇ? ಖರೀದಿಗೆ ಮೊದಲು ಮಾಡಬೇಕಾದ್ದು

ಅಮೆರಿಕದಲ್ಲಿದ್ದು ಪೈಲಟ್ ಲೈಸೆನ್ಸ್ ಮಾಡಿಕೊಂಡವರಿಗೆ ಒಂದು ಹಂತದಲ್ಲಿ ಬಾಡಿಗೆ ವಿಮಾನ ಸಾಕಾಗಿಬಿಡುತ್ತದೆ. ಬೇಕಾದ ದಿನ ಸಿಗುವುದಿಲ್ಲ. ಸಿಕ್ಕರೂ ಗಂಟೆಯ ಮೀಟರ್ ಓಡುತ್ತಿರುತ್ತದೆ. ಸ್ವಂತದ್ದೊಂದು ಇರಲಿ ಎಂದು ಹುಡುಕಲು ಕೂತರೆ ಕೈಗೆಟಕುವ ಬೆಲೆಯಲ್ಲಿ ಸಿಗುವುದು ಹಳೆಯದೇ. ಹೆಚ್ಚಿನವರ ಕಣ್ಣು ಬೀಳುವುದು ಸೆಸ್ನಾ 172 ಎಂಬ ಪುಟ್ಟ ವಿಮಾನದ ಮೇಲೆ. 1956ರಿಂದ ಈಚೆಗೆ 44 ಸಾವಿರಕ್ಕೂ ಜಾಸ್ತಿ 172ಗಳು ತಯಾರಾಗಿವೆ. ಆದರೆ 1986ರಿಂದ 1996ರವರೆಗೆ ತಯಾರಿಕೆಯೇ ನಿಂತಿತ್ತು. ಹಾಗಾಗಿ ಮಾರಾಟಕ್ಕೆ ಬರುವ ಬಹಳಷ್ಟು ವಿಮಾನಗಳಿಗೆ ನಲವತ್ತು, ಐವತ್ತು ವರ್ಷ ವಯಸ್ಸು.

ಅಷ್ಟು ಹಳೆಯ ಯಂತ್ರವನ್ನು ಬಿಚ್ಚಿ ನೋಡಿದರೆ ಏನಾದರೂ ಸಿಕ್ಕೇ ಸಿಗುತ್ತದೆ. ಏನೂ ಸಿಗಲಿಲ್ಲ ಎಂದರೆ ಸರಿಯಾಗಿ ನೋಡಿಲ್ಲ ಅಂತಲೇ ನಾನು ತಿಳಿಯುತ್ತೇನೆ. ಆದ್ದರಿಂದ ತಪಾಸಣೆಯಲ್ಲಿ ವಿಮಾನ ಪಾಸಾಯಿತೇ, ಫೇಲಾಯಿತೇ ಎಂದು ಕೇಳಿ ಪ್ರಯೋಜನವಿಲ್ಲ. ಸಿಕ್ಕ ದೋಷಗಳಲ್ಲಿ ಯಾವುದು ಯಾರ ಖರ್ಚು, ಯಾವುದನ್ನು ಒಪ್ಪಿಕೊಳ್ಳಬಹುದು, ಯಾವುದು ಕಂಡರೆ ಕೈಬಿಡಬೇಕು, ಇಷ್ಟು ಗೊತ್ತಾಗಬೇಕು. ಜನ ದುಡ್ಡು ಕಳೆದುಕೊಳ್ಳುವುದು ದೋಷದಿಂದಲ್ಲ, ದೋಷ ಸಿಕ್ಕ ಸಂಜೆಯೇ ಅವಸರದಲ್ಲಿ ಒಂದು ತೀರ್ಮಾನಕ್ಕೆ ಬರುವುದರಿಂದ.

ಇಲ್ಲಿ ಹೇಳುವುದೆಲ್ಲ ಅಮೆರಿಕದ ನಿಯಮಗಳ ಪ್ರಕಾರ. ಭಾರತದಲ್ಲಿ ನೋಂದಣಿಯಾದ, ವಿಟಿ ನಂಬರಿನ ವಿಮಾನ ಕೊಳ್ಳುವವರಿಗೆ ಅಲ್ಲಿನ ವಿಮಾನಯಾನ ನಿರ್ದೇಶನಾಲಯ ಡಿಜಿಸಿಎಯ ನಿಯಮಗಳೇ ಬೇರೆ.

1. ಪ್ಯಾನೆಲ್ ಬಿಚ್ಚುವ ಮೊದಲೇ ಕರಾರು ಮಾಡಿಕೊಳ್ಳಿ

ವರ್ಷಕ್ಕೊಮ್ಮೆ ಕಡ್ಡಾಯವಾಗಿ ನಡೆಯುವ ಆನ್ಯುಯಲ್ ತಪಾಸಣೆಗೆ ಅಮೆರಿಕದ ವಿಮಾನಯಾನ ಇಲಾಖೆಯಾದ ಎಫ್‌ಎಎಯ ನಿಯಮವಿದೆ, ಏನೇನು ನೋಡಬೇಕು ಎಂಬ ಪಟ್ಟಿಯಿದೆ. ಖರೀದಿಗೆ ಮುಂಚಿನ ತಪಾಸಣೆ, ಎಲ್ಲರೂ ಪ್ರೀ-ಬೈ ಅನ್ನುವುದು, ಅದಕ್ಕೆ ಅಂಥ ಯಾವ ನಿಯಮವೂ ಇಲ್ಲ. ನೀವು ಮೆಕ್ಯಾನಿಕ್‌ಗೆ ಏನು ನೋಡಲು ಹೇಳುತ್ತೀರೋ ಅದೇ ಪ್ರೀ-ಬೈ. ಅರ್ಧ ಗಂಟೆ ಸುತ್ತು ಹಾಕಿ ಬಂದರೂ ಪ್ರೀ-ಬೈ, ಎರಡು ದಿನ ಬಿಚ್ಚಿ ನೋಡಿದರೂ ಪ್ರೀ-ಬೈ.

ದೋಷ ಸಿಕ್ಕ ಮೇಲೆ ಶುರುವಾಗುವ ಜಗಳಗಳಲ್ಲಿ ಮುಕ್ಕಾಲು ಪಾಲು ಇಲ್ಲೇ ತಪ್ಪಿಸಬಹುದು. ಮುಂಗಡ ಕೊಡುವ ಮುನ್ನ ಒಂದು ಲಿಖಿತ ಒಪ್ಪಂದ ಇರಲಿ. ಹಾರಾಟದ ಯೋಗ್ಯತೆಗೆ ಸಂಬಂಧಿಸಿದ ದೋಷ ಸಿಕ್ಕರೆ ಮಾರುವವರು ಸರಿಮಾಡಿಸಬೇಕು ಅಥವಾ ಅಷ್ಟು ಬೆಲೆ ಇಳಿಸಬೇಕು. ಎರಡಕ್ಕೂ ಒಪ್ಪದಿದ್ದರೆ ಮುಂಗಡ ವಾಪಸ್. ಬಣ್ಣ, ಸೀಟಿನ ಬಟ್ಟೆ ಇದರಲ್ಲಿ ಸೇರುವುದಿಲ್ಲ. ತಪಾಸಣೆಯ ಖರ್ಚು ನಿಮ್ಮದು. ಬಿಚ್ಚಿದ ಪ್ಯಾನೆಲ್ ಮತ್ತೆ ಹಾಕುವ ಖರ್ಚು, ಬೇರೆ ಊರಿನ ರಿಪೇರಿ ಶಾಪಿಗೆ ವಿಮಾನ ಹಾರಿಸಿಕೊಂಡು ಹೋಗಿ ಬರುವ ಪೆಟ್ರೋಲಿನ ಖರ್ಚು ಯಾರದ್ದು ಅನ್ನುವುದನ್ನೂ ಬರೆದುಕೊಳ್ಳಿ. ಚಿಕ್ಕ ವಿಷಯ ಅನಿಸುತ್ತದೆ, ಆದರೆ ವ್ಯಾಪಾರ ಮುರಿದುಬಿದ್ದಾಗ ಮಾತು ಬರುವುದು ಇದಕ್ಕೇ.

ಮೆಕ್ಯಾನಿಕ್ ಹಿಂದಿನ ಆನ್ಯುಯಲ್‌ಗೆ ಸಹಿ ಹಾಕಿದವರಾಗಿರಬಾರದು. ಅವರು ಒಳ್ಳೆಯವರೇ ಇರಬಹುದು. ಆದರೂ ತಮ್ಮದೇ ಸಹಿಯ ವಿರುದ್ಧ ಹೇಳುವ ಇಕ್ಕಟ್ಟಿಗೆ ಅವರನ್ನು ಸುಮ್ನೆ ಯಾಕೆ ಸಿಕ್ಕಿಸಬೇಕು?

ಇನ್ನೊಂದು ಮುಖ್ಯ ಮಾತು. ಹೇಗೂ ಬಿಚ್ಚುತ್ತೇವೆ, ಆನ್ಯುಯಲ್ಲೇ ಮಾಡಿಸಿಬಿಡೋಣ ಎಂದು ಕೆಲವರು ಮೊದಲ ದಿನವೇ ಹೊರಡುತ್ತಾರೆ. ಬೇಡ. ಆನ್ಯುಯಲ್ ಎಂದು ಮುಗಿಸಿ, ವಿಮಾನ ಹಾರಾಟಕ್ಕೆ ಯೋಗ್ಯವಲ್ಲ ಎಂದು ಲಾಗ್‌ಬುಕ್ಕಿನಲ್ಲಿ (ವಿಮಾನದ ಮೇಲೆ ನಡೆದ ಕೆಲಸ ದಾಖಲಾಗುವ ಪುಸ್ತಕ) ಬರೆದರೆ, ದೋಷಗಳ ಪಟ್ಟಿಗೆ ಸಹಿ ಮಾಡಿ ಮಾಲೀಕರ ಕೈಗೆ ಕೊಡಬೇಕಾಗುತ್ತದೆ. ಅಲ್ಲಿಗೆ ಆ ವಿಮಾನ ನಿಂತ ಜಾಗದಲ್ಲೇ ನಿಂತಿತು. ನೀವು ಕೊಳ್ಳದೆ ಹೋದರೂ ಮಾರುವವರು ಸಿಕ್ಕಿಬಿದ್ದಿರುತ್ತಾರೆ. ಅನುಭವಸ್ಥ ಮಾರಾಟಗಾರರು ಇದಕ್ಕೆ ಒಪ್ಪುವುದೇ ಇಲ್ಲ, ಅದು ನ್ಯಾಯವೂ ಹೌದು. ಮೊದಲು ಪ್ರೀ-ಬೈ ಮಾಡಿಸಿ. ಖರೀದಿ ಮುಗಿದು ವಿಮಾನ ನಿಮ್ಮದಾದ ಮೇಲೆ ಅದೇ ಕೆಲಸವನ್ನು ಮುಂದುವರಿಸಿ ಆನ್ಯುಯಲ್ ಮಾಡಿಸಿಕೊಳ್ಳಿ.

ನೋಡುವ ಕ್ರಮವೂ ಮುಖ್ಯ. ಲಾಗ್‌ಬುಕ್, ಎಂಜಿನ್, ತುಕ್ಕು, ಈ ಮೂರು ಮೊದಲು. ಇವುಗಳಲ್ಲಿ ದೊಡ್ಡದೇನಾದರೂ ಕಂಡರೆ ಕೆಲಸ ನಿಲ್ಲಿಸಿ ಫೋನ್ ಮಾಡಿ ಅಂತ ಮೆಕ್ಯಾನಿಕ್‌ಗೆ ಹೇಳಿಡಿ. ಮುರಿಯಲಿರುವ ವ್ಯಾಪಾರಕ್ಕೆ ಟೈರು, ದೀಪ ಎಲ್ಲ ನೋಡಿಸಿ ದುಡ್ಡು ಸುರಿಯಬೇಕಿಲ್ಲ.

2. ಪಟ್ಟಿ ಬರಹದಲ್ಲೇ ಬರಲಿ

ಫೋನಿನಲ್ಲಿ ಕೇಳಿದ್ದನ್ನು ನಂಬಿ ಮಾರುವವರಿಗೆ ತಕ್ಷಣ ಮೆಸೇಜ್ ಕಳಿಸಬೇಡಿ. ಎಲ್ಲವೂ ಬರಹದಲ್ಲಿ, ಫೋಟೋ ಸಮೇತ ಬರಲಿ. ಅಳತೆ ಇರುವ ಕಡೆ ಅಳತೆ, ಆ ಅಳತೆಗೆ ಕೈಪಿಡಿಯಲ್ಲಿ ಹೇಳಿದ ಮಿತಿ, ಎರಡೂ ಇರಲಿ. ‘ಎಂಜಿನ್ ಸ್ವಲ್ಪ ವೀಕು’ ಎಂದರೆ ಏನೂ ಹೇಳಿದ ಹಾಗಾಗಲಿಲ್ಲ.

ನಂತರ ಪಟ್ಟಿಯ ಒಂದೊಂದು ಸಾಲಿಗೂ ಮೆಕ್ಯಾನಿಕ್‌ಗೆ ಒಂದೇ ಪ್ರಶ್ನೆ ಕೇಳಿ: ಇದನ್ನು ಹೀಗೇ ಬಿಟ್ಟು ನೀವು ಆನ್ಯುಯಲ್‌ಗೆ ಸಹಿ ಹಾಕುತ್ತೀರಾ? ಹೌದು, ಇಲ್ಲ ಎರಡೇ ಉತ್ತರ. ಉದ್ದನೆಯ ಪಟ್ಟಿ ನೋಡಿ ಹೆದರಿಕೊಂಡವರಿಗೆ ಈ ಒಂದು ಪ್ರಶ್ನೆಯಿಂದ ಅರ್ಧ ನಿರಾಳವಾಗುತ್ತದೆ.

3. ವಿಂಗಡಿಸಿ

ವಿಮಾನ ಹಾರಾಟಕ್ಕೆ ಯೋಗ್ಯ ಎನ್ನಲು ಎರಡು ಷರತ್ತು ಒಟ್ಟಿಗೆ ಕೂಡಬೇಕು. ಒಂದು, ಅದು ಮಂಜೂರಾದ ವಿನ್ಯಾಸಕ್ಕೆ ತಕ್ಕಂತೆ ಇರಬೇಕು, ಬದಲಾವಣೆ ಮಾಡಿದ್ದರೆ ಅದಕ್ಕೆ ಸರಿಯಾದ ಕಾಗದ ಇರಬೇಕು. ಎರಡು, ಸುರಕ್ಷಿತವಾಗಿ ಹಾರುವ ಸ್ಥಿತಿಯಲ್ಲಿರಬೇಕು.

ಇದು ತಲೆಯಲ್ಲಿದ್ದರೆ ವಿಚಿತ್ರ ಅನಿಸುವ ಸಂಗತಿಗಳು ಅರ್ಥವಾಗುತ್ತವೆ. ಚೆನ್ನಾಗಿ ಉರಿಯುವ ಹೊಸ ಎಲ್‌ಇಡಿ ಲ್ಯಾಂಡಿಂಗ್ ಲೈಟ್ ಇದೆ, ಕಾಗದ ಇಲ್ಲ. ವಿಮಾನ ಯೋಗ್ಯವಲ್ಲ. ಆದರೆ ಇದು ಸುಲಭದ ತೊಂದರೆ, ಕಾಗದ ತರಿಸಬಹುದು, ಇಲ್ಲವೇ ಹಳೆ ಬಲ್ಬ್ ಹಾಕಬಹುದು. ಇನ್ನೊಂದು ಕಡೆ, ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋಗಳನ್ನು ಬಹಳ ವರ್ಷದಿಂದ ಬಿಚ್ಚಿ ನೋಡಿಲ್ಲ. ಎಂಜಿನ್ ಓಡುತ್ತಿದೆ, ಮೆಕ್ಯಾನಿಕ್ ಸಹಿಯೂ ಹಾಕಬಹುದು. ಹಾಗಿದ್ದರೂ ಮನೆಯವರನ್ನು ಕೂರಿಸಿಕೊಂಡು ರಾತ್ರಿ ಹಾರಲು ನಾನು ಒಪ್ಪುವುದಿಲ್ಲ.

ನಾನು ಪಟ್ಟಿಯನ್ನು ನಾಲ್ಕು ಗುಂಪು ಮಾಡುತ್ತೇನೆ. ಸಹಿ ಬೀಳದ ದೋಷಗಳು ಮೊದಲನೆಯದು. ಸಹಿ ಬಿದ್ದರೂ ಜೀವಕ್ಕೆ ಸಂಬಂಧಪಟ್ಟವು ಎರಡನೆಯದು: ಹಳೆಯ ಇಂಧನದ ರಬ್ಬರ್ ಪೈಪುಗಳು, ಮ್ಯಾಗ್ನೆಟೋಗಳು, ಕೆಲವು ಹಾರಾಟದ ಮೀಟರುಗಳನ್ನು ನಡೆಸುವ ವ್ಯಾಕ್ಯೂಮ್ ಪಂಪು. ವಯಸ್ಸಿಗೆ ತಕ್ಕ ಸವಕಳಿ ಮೂರನೆಯದು. ಬರೀ ಅಂದಚೆಂದ ನಾಲ್ಕನೆಯದು. ಬಿರುಕುಬಿಟ್ಟ ಮಫ್ಲರ್ (ಹೊಗೆ ಕೊಳವೆಯ ಸೈಲೆನ್ಸರ್) ಸೀದಾ ಮೊದಲ ಗುಂಪಿಗೆ ಹೋಗುತ್ತದೆ. ಈ ವಿಮಾನಗಳಲ್ಲಿ ಕ್ಯಾಬಿನ್ ಬೆಚ್ಚಗಾಗುವುದು ಮಫ್ಲರ್ ಸುತ್ತ ಹಾದುಬರುವ ಗಾಳಿಯಿಂದ. ಬಿರುಕಿದ್ದರೆ ಆ ಗಾಳಿಯ ಜೊತೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಒಳಗೆ ಬರುತ್ತದೆ, ಅದಕ್ಕೆ ವಾಸನೆಯೂ ಇಲ್ಲ.

ಏರ್‌ವರ್ದಿನೆಸ್ ಡೈರೆಕ್ಟಿವ್‌ಗಳು, ಅಂದರೆ ಸುರಕ್ಷತೆಗಾಗಿ ಎಫ್‌ಎಎ ಹೊರಡಿಸುವ ಕಡ್ಡಾಯ ಆದೇಶಗಳಾದ ಎಡಿಗಳು, ಪಾಲನೆಯಾಗದಿದ್ದರೆ ಅವೂ ಮೊದಲ ಗುಂಪೇ. ಸೆಸ್ನಾಗಳಿಗೆ ಸೀಟಿನ ಹಳಿಗಳ ಎಡಿ ಇದೆ, ನಂಬರ್ 2011-10-09. ಹಳಿಯ ತೂತು, ಪಿನ್ನು ಸವೆದರೆ ಟೇಕಾಫ್ ಹೊತ್ತಲ್ಲಿ ಸೀಟು ಹಿಂದಕ್ಕೆ ಜಾರುತ್ತದೆ, ಪೈಲಟ್ ಸ್ಟೀರಿಂಗಿನಂಥ ಯೋಕ್ ಹಿಡಿದು ಎಳೆದುಬಿಡುತ್ತಾನೆ. ಇದನ್ನು ಮತ್ತೆ ಮತ್ತೆ ಪರೀಕ್ಷಿಸಬೇಕು, ಪ್ರತಿ ಸಲವೂ ಲಾಗ್‌ಬುಕ್ಕಿನಲ್ಲಿ ದಾಖಲಾಗಬೇಕು. ಪೈಪರ್ ಕಂಪನಿಯ ಪಿಎ-28 ವಿಮಾನ ನೋಡುತ್ತಿದ್ದರೆ 2020-26-16 ನಂಬರಿನ ಎಡಿ ಕೇಳಿ. 2018ರಲ್ಲಿ ಫ್ಲೋರಿಡಾದ ಡೇಟೋನಾ ಬೀಚ್‌ನಲ್ಲಿ ತರಬೇತಿ ವಿಮಾನವೊಂದರ ರೆಕ್ಕೆ ಆಕಾಶದಲ್ಲೇ ಕಳಚಿ ಇಬ್ಬರು ತೀರಿಕೊಂಡರು. ಆಮೇಲೆ ಬಂದ ಎಡಿ ಇದು. ತರಬೇತಿ ಶಾಲೆಯಲ್ಲಿ ದುಡಿದ ವಿಮಾನವಾದರೆ ರೆಕ್ಕೆಯ ಮುಖ್ಯ ಸ್ಪಾರಿನ (ರೆಕ್ಕೆಯ ಭಾರ ಹೊರುವ ತೊಲೆ) ಬೋಲ್ಟ್ ತೂತುಗಳಿಗೆ ಬಿರುಕು ಪತ್ತೆಮಾಡುವ ಎಡ್ಡಿ ಕರೆಂಟ್ ಪರೀಕ್ಷೆ ಬೇಕಾಗಿದೆಯೇ, ಆಗಿದೆಯೇ ಎಂದು ಲೆಕ್ಕ ಹಾಕಿಸಿ.

4. ಎಂಜಿನ್, ತುಕ್ಕು, ಕಾಗದ: ಇಲ್ಲಿ ಅವಸರ ಬೇಡ

ಎಂಜಿನ್ ವಿಷಯದಲ್ಲಿ ಎಲ್ಲರೂ ಕೇಳುವುದು ಕಂಪ್ರೆಷನ್. ಸಿಲಿಂಡರಿಗೆ 80 ಪಿಎಸ್‌ಐ ಒತ್ತಡದ ಗಾಳಿ ಕೊಟ್ಟು ಎಷ್ಟು ನಿಲ್ಲುತ್ತದೆ ಎಂದು ನೋಡುತ್ತಾರೆ. 75/80 ಎಂದರೆ ಚೆನ್ನಾಗಿದೆ. ನಾಲ್ಕರಲ್ಲಿ ಮೂರು ಸಿಲಿಂಡರ್ 75ರ ಹತ್ತಿರ, ಒಂದು ಮಾತ್ರ 58 ಬಂತು ಅಂದುಕೊಳ್ಳಿ. ಲೈಕಮಿಂಗ್ ಕಂಪನಿಯ ಎಂಜಿನ್ ಆದರೆ 60ಕ್ಕಿಂತ ಕೆಳಗೆ ಇಳಿದದ್ದೂ, ಉಳಿದವಕ್ಕಿಂತ 15ಕ್ಕೂ ಹೆಚ್ಚು ವ್ಯತ್ಯಾಸ ಇರುವುದೂ ಗಂಭೀರ. ಕಾಂಟಿನೆಂಟಲ್ ಕಂಪನಿಯ ಎಂಜಿನ್ನಿನ ಲೆಕ್ಕ ಬೇರೆ. ಅಲ್ಲಿ ಮಾಸ್ಟರ್ ಆರಿಫೀಸ್ ಎಂಬ ಉಪಕರಣ ಇಟ್ಟು ಮಿತಿಯನ್ನು ಆಗಲೇ ಗೊತ್ತುಮಾಡುತ್ತಾರೆ, ಅದು 40ರ ಆಸುಪಾಸಿನಲ್ಲೂ ಇರಬಹುದು. ಯಾವ ಎಂಜಿನ್ ಎಂದು ತಿಳಿಯದೆ ಅಂಕಿ ಹಿಡಿದು ವಾದ ಮಾಡಬೇಡಿ.

58 ಬಂದ ತಕ್ಷಣ ಹೊಸ ಸಿಲಿಂಡರ್ ಎಂದು ತೀರ್ಮಾನಿಸಬೇಕಿಲ್ಲ. ಗಾಳಿ ಎಲ್ಲಿ ಹೋಗುತ್ತಿದೆ ಎಂದು ಕಿವಿಗೊಟ್ಟು ಕೇಳಬೇಕು. ಹೊಗೆ ಕೊಳವೆಯಲ್ಲಿ ಬುಸ್ ಎಂದರೆ ಎಕ್ಸಾಸ್ಟ್ ವಾಲ್ವ್. ಕಾರ್ಬ್ಯುರೇಟರ್ ಕಡೆಯಿಂದ ಬಂದರೆ ಇನ್‌ಟೇಕ್ ವಾಲ್ವ್. ಆಯಿಲ್ ಹಾಕುವ ಬಾಯಿಯಲ್ಲಿ ಕೇಳಿಸಿದರೆ ಪಿಸ್ಟನ್ ರಿಂಗುಗಳು. ತಿಂಗಳುಗಟ್ಟಲೆ ನಿಂತಿದ್ದ ವಿಮಾನವಾದರೆ, ಬೇರೆ ದೋಷ ಇಲ್ಲದಿದ್ದಲ್ಲಿ, ಒಂದು ಗಂಟೆ ಹಾರಿಸಿ ಬಿಸಿ ಇರುವಾಗಲೇ ಮತ್ತೊಮ್ಮೆ ನೋಡಬಹುದು. ಎಷ್ಟೋ ಸಲ ಅಂಕಿ ಮೇಲೇರುತ್ತದೆ.

ನಂತರ ಬೋರ್‌ಸ್ಕೋಪ್, ಅಂದರೆ ಸಿಲಿಂಡರಿನೊಳಗೆ ಇಳಿಸಿ ನೋಡುವ ಪುಟ್ಟ ಕ್ಯಾಮರಾ. ನನ್ನ ಮಟ್ಟಿಗೆ ಕಂಪ್ರೆಷನ್ ಅಂಕಿಗಿಂತ ಇದರ ಚಿತ್ರವೇ ಮೇಲು. ಆರೋಗ್ಯವಾಗಿರುವ ಎಕ್ಸಾಸ್ಟ್ ವಾಲ್ವ್ ಹದವಾಗಿ ಬೆಂದ ದೋಸೆಯ ಹಾಗೆ ಕಾಣುತ್ತದೆ: ನಡುವೆ ಕೆಂಪು, ಸುತ್ತ ಒಂದೇ ಸಮನಾದ ಉಂಗುರಗಳು. ಸುಡುತ್ತಿರುವ ವಾಲ್ವಿನಲ್ಲಿ ಆ ಸಮ ಇರುವುದಿಲ್ಲ. ಅಂಚಿನ ಒಂದೇ ಕಡೆ ಬಣ್ಣ ಬದಲಾಗಿ, ಕೆಲವೊಮ್ಮೆ ಹಸಿರು ಛಾಯೆ ಕಾಣುತ್ತದೆ. ನಾಲ್ಕೂ ಸಿಲಿಂಡರಿನ ಫೋಟೋ ಅಕ್ಕಪಕ್ಕ ಇಟ್ಟರೆ ಹೊಸಬರಿಗೂ ವ್ಯತ್ಯಾಸ ಕಾಣುತ್ತದೆ.

ಆಯಿಲ್ ಫಿಲ್ಟರ್ ಕತ್ತರಿಸಿ ಮಡಿಕೆ ಬಿಡಿಸಿ ನೋಡಿಸಿ. ಹೊಳೆಯುವ ಚೂರುಗಳಿದ್ದರೆ ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಅದು ಉಕ್ಕು. ಲೈಕಮಿಂಗ್‌ನಲ್ಲಿ ಅದಕ್ಕೆ ಮೊದಲ ಅನುಮಾನ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಮತ್ತು ಲಿಫ್ಟರ್‌ಗಳ ಮೇಲೆ. ಈ ಎಂಜಿನ್ನಿನಲ್ಲಿ ಕ್ಯಾಮ್ ಮೇಲುಗಡೆ ಇರುತ್ತದೆ. ವಿಮಾನ ನಿಂತೇ ಇದ್ದರೆ ಆಯಿಲ್ ಕೆಳಗಿಳಿದು ಲೋಹ ಒಣಗಿ ತುಕ್ಕು ಹಿಡಿಯುತ್ತದೆ. ಆಮೇಲೆ ಓಡಿಸಿದಾಗ ಆ ತುಕ್ಕಿನ ಮೇಲೆ ಲೋಹ ಉಜ್ಜಿ ಚಕ್ಕೆ ಏಳುತ್ತದೆ. 1977ರಿಂದ 1980ರವರೆಗಿನ 172ಎನ್ ಮಾದರಿಯಲ್ಲಿರುವ ಓ-320-ಎಚ್2ಎಡಿ ಎಂಜಿನ್ನಿಗೆ ಈ ವಿಷಯದಲ್ಲಿ ಹಳೆಯ ಅಪವಾದವೇ ಇದೆ. ಅನುಮಾನ ಬಂದರೆ ಒಂದು ಸಿಲಿಂಡರ್ ತೆಗೆದು ಕ್ಯಾಮ್ ನೋಡಲು ಅನುಮತಿ ಕೇಳಿ, ಖರ್ಚು ನಾನೇ ಕೊಡುತ್ತೇನೆ ಎನ್ನಿ. ಕ್ಯಾಮ್ ಹೋಗಿದ್ದರೆ ಎಂಜಿನ್ ಪೂರ್ತಿ ಬಿಚ್ಚಬೇಕು, ಹಾಗೆ ಪೂರ್ತಿ ಬಿಚ್ಚಿ ಸರಿಮಾಡುವ ಓವರ್‌ಹಾಲ್ ಎಂದರೆ 30 ಸಾವಿರ ಡಾಲರಿನ ಮೇಲಿನ ಮಾತು.

ಜಾಹೀರಾತಿನಲ್ಲಿ ‘ಓವರ್‌ಹಾಲ್ ಆಗಿ ಬರೀ 600 ಗಂಟೆ’ ಎಂದಿದ್ದರೆ ಹಿಗ್ಗಬೇಡಿ, ಎಷ್ಟು ವರ್ಷದಲ್ಲಿ 600 ಎಂದು ಕೇಳಿ. ಇಪ್ಪತ್ತೈದು ವರ್ಷದಲ್ಲಿ 600 ಗಂಟೆ ಓಡಿದ್ದಕ್ಕಿಂತ, ಎಂಟು ವರ್ಷದಲ್ಲಿ 1500 ಗಂಟೆ ಓಡಿದ ಎಂಜಿನ್ನನ್ನೇ ನಾನು ನಂಬುತ್ತೇನೆ. ಲೈಕಮಿಂಗ್ ಕೂಡ ಗಂಟೆ ತುಂಬದಿದ್ದರೂ 12 ವರ್ಷಕ್ಕೆ ಓವರ್‌ಹಾಲ್ ಮಾಡಿಸಿ ಎನ್ನುತ್ತದೆ. ಖಾಸಗಿ ಹಾರಾಟಕ್ಕೆ ಅದು ಕಡ್ಡಾಯವಲ್ಲ, ಆದರೆ ಬೆಲೆ ಮಾತಾಡುವಾಗ ನಿಮ್ಮ ಕೈಯಲ್ಲಿರುವ ಬಲವಾದ ಮಾತು.

ತುಕ್ಕಿನಲ್ಲಿ ಎರಡು ಬಗೆ. ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಕೂತಿದ್ದರೆ ಉಜ್ಜಿ, ಅಳತೆ ನೋಡಿ, ರಕ್ಷಣೆಯ ಲೇಪ ಕೊಡಬಹುದು. ಲೋಹವೇ ಪದರ ಪದರವಾಗಿ ಉಬ್ಬಿದ್ದರೆ ಅದು ಒಳಗಿನಿಂದ ಕೊಳೆಯುತ್ತಿದೆ ಎಂದರ್ಥ. ಸ್ಪಾರಿನಲ್ಲಿ ಹಾಗೆ ಕಂಡರೆ ಮುಂದೆ ಮಾತೇ ಬೇಡ. 1996ಕ್ಕೆ ಮೊದಲಿನ ಹಲವು ಸೆಸ್ನಾಗಳ ಒಳಮೈಗೆ ಪ್ರೈಮರ್ ಕೂಡ ಹೊಡೆದಿರುವುದಿಲ್ಲ. ಕರಾವಳಿಯಲ್ಲಿ ಹೊರಗೆ ನಿಂತಿದ್ದ ವಿಮಾನವಾದರೆ ಕಾರ್ಪೆಟ್ ಕೆಳಗೆ, ಬ್ಯಾಟರಿ ಪೆಟ್ಟಿಗೆಯ ಸುತ್ತ, ಬಾಲದ ಒಳಗೆ ನೋಡಿಸಿ. ರೆಕ್ಕೆಯೊಳಗೆ ಇಲಿಯ ಗೂಡಿದ್ದರೆ ಅದನ್ನು ತೆಗೆಸಿ ಅಡಿಯ ಲೋಹ ನೋಡಿಸಿ. ಇಲಿಯ ಮೂತ್ರ ಅಲ್ಯೂಮಿನಿಯಂ ತಿನ್ನುತ್ತದೆ. ಟ್ಯಾಂಕಿನ ಕೆಳಗೆ ನೀಲಿ ಕಲೆ ಕಂಡರೆ ಇಂಧನ ಸೋರುತ್ತಿದೆ, 100ಎಲ್‌ಎಲ್ ಪೆಟ್ರೋಲಿಗೆ ಆ ಬಣ್ಣ ಹಾಕಿರುತ್ತಾರೆ.

ಇನ್ನು ಕಾಗದ. ಒಕ್ಲಹೋಮ ಸಿಟಿಯ ಎಫ್‌ಎಎ ರಿಜಿಸ್ಟ್ರಿಯಿಂದ ಆ ವಿಮಾನದ ಪೂರ್ತಿ ದಾಖಲೆ ತರಿಸಿ, ಕೆಲವೇ ಡಾಲರಿನ ಕೆಲಸ. ದೊಡ್ಡ ರಿಪೇರಿ, ದೊಡ್ಡ ಬದಲಾವಣೆಗಳ 337 ನಮೂನೆಗಳು ಅದರಲ್ಲಿರುತ್ತವೆ. ಲಾಗ್‌ಬುಕ್ಕಿನಲ್ಲಿ ಇಲ್ಲದ ಅಪಘಾತದ ರಿಪೇರಿ ಅಲ್ಲಿ ಸಿಗಬಹುದು. ಲಾಗ್‌ಬುಕ್ಕಿನಿಂದ ಕಳೆದುಹೋದ ಕಾಗದವೂ ಅಲ್ಲೇ ಸಿಗಬಹುದು. ಪ್ರೊಪೆಲ್ಲರ್ ನೆಲಕ್ಕೆ ತಗುಲಿದ ದಾಖಲೆ ಇದ್ದರೆ ಆಮೇಲೆ ಎಂಜಿನ್ ಬಿಚ್ಚಿ ನೋಡಿದ್ದಾರಾ ಎಂದು ಕೇಳಿ. ಲೈಕಮಿಂಗ್ ಎಂಜಿನ್ನುಗಳಿಗೆ 2004-10-14 ಎಡಿಯ ಪ್ರಕಾರ ಕ್ರ್ಯಾಂಕ್‌ಶಾಫ್ಟಿನ ಗೇರು, ಬೋಲ್ಟು ನೋಡಲೇಬೇಕು. ಸಾಲದ ಹೊರೆ ಇದೆಯೇ ಎಂದು ಮಾಲೀಕತ್ವದ ದಾಖಲೆ ನೋಡಿಕೊಡುವ ಟೈಟಲ್ ಕಂಪನಿಯಿಂದ ಹುಡುಕಿಸಿ. ತೀರದ ಸಾಲ ವಿಮಾನದ ಜೊತೆಗೇ ಬರುತ್ತದೆ.

ನಮ್ಮವರಲ್ಲಿ ಅನೇಕರಿಗೆ ತಡವಾಗಿ ತಿಳಿಯುವುದು ಇನ್ನೊಂದಿದೆ. ಎಚ್-1ಬಿ ವೀಸಾದಲ್ಲಿರುವವರು ಅಮೆರಿಕದ ಎನ್ ನಂಬರಿನ ವಿಮಾನವನ್ನು ಸ್ವಂತ ಹೆಸರಿನಲ್ಲಿ ನೋಂದಾಯಿಸುವಂತಿಲ್ಲ. ಪೌರತ್ವ ಇಲ್ಲವೇ ಗ್ರೀನ್ ಕಾರ್ಡ್ ಬೇಕು. ಗೆಳೆಯರು ಸೇರಿ ಕೊಳ್ಳುವಾಗಲೂ ಹೆಸರು ಹಾಕಿಸುವ ಪ್ರತಿಯೊಬ್ಬರಿಗೂ ಇದೇ ನಿಯಮ. ಟ್ರಸ್ಟಿನ ಮೂಲಕ ದಾರಿ ಇದೆ, ಆದರೆ ಅದನ್ನು ವಿಮಾನಯಾನದ ವಕೀಲರ ಹತ್ತಿರವೇ ಮಾಡಿಸಿ, ತಪಾಸಣೆಗೆ ದುಡ್ಡು ಹಾಕುವ ಮೊದಲೇ ಮಾಡಿಸಿ.

5. ಲೆಕ್ಕ ಹಾಕಿ, ಆಮೇಲೆ ಮಾತಾಡಿ

ಮೊದಲ ಎರಡು ಗುಂಪಿನ ಪ್ರತಿ ಸಾಲಿಗೂ ಶಾಪಿನಿಂದ ಲಿಖಿತ ಅಂದಾಜು ತರಿಸಿ. ಬಿಡಿಭಾಗ ಎಷ್ಟು ದಿನಕ್ಕೆ ಬರುತ್ತದೆ ಎಂದೂ ಕೇಳಿ. ವಿಮಾನ ತಿಂಗಳುಗಟ್ಟಲೆ ನಿಂತರೆ ಅಷ್ಟೂ ದಿನ ಹ್ಯಾಂಗರ್ ಬಾಡಿಗೆ, ವಿಮೆ ಕಟ್ಟುವವರು ನೀವು.

ಬೆಲೆ ಇಳಿಸಿ ಎಂದು ಕೇಳುವಾಗ ಒಂದು ನ್ಯಾಯ ಪಾಲಿಸಬೇಕು. ಜಾಹೀರಾತಿನಲ್ಲೇ ಹೇಳಿದ್ದಕ್ಕೆ ಮತ್ತೆ ಕಡಿತ ಕೇಳಬಾರದು. ಎಂಜಿನ್ 1800 ಗಂಟೆ ಓಡಿದೆ ಎಂದು ಅವರೇ ಬರೆದಿದ್ದರೆ ಬೆಲೆಯಲ್ಲಿ ಅದು ಆಗಲೇ ಸೇರಿದೆ. ಮಾಸಿದ ಬಣ್ಣವನ್ನು ನೀವೇ ಕಣ್ಣಾರೆ ನೋಡಿ ಬೆಲೆ ಒಪ್ಪಿದ್ದೀರಿ. ಹೇಳಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸ ಮಾತ್ರ ಕೇಳಿ. ಉದಾಹರಣೆಗೆ ಅಂದಾಜಿನಲ್ಲಿ ಸಿಲಿಂಡರಿಗೆ 4,000 ಡಾಲರ್, ಮಫ್ಲರಿಗೆ 1,500, ಸೀಟಿನ ಹಳಿಗೆ 800 ಬಂತು ಎನ್ನಿ. 6,300 ಕೇಳಿ. ಅದರ ಜೊತೆ ಸೀಟಿನ ಬಟ್ಟೆ, ಗೀಚಿದ ಕಿಟಕಿ ಎಲ್ಲ ಸೇರಿಸಿ 12 ಸಾವಿರ ಎಂದರೆ ನಿಮ್ಮ ನ್ಯಾಯವಾದ ಮಾತಿಗೂ ಬೆಲೆ ಹೋಗುತ್ತದೆ.

ಮಾರುವವರಿಗೂ ಆ ವಿಮಾನದ ಮೇಲೆ ಪ್ರೀತಿ ಇರುತ್ತದೆ ಅನ್ನುವುದನ್ನು ಮರೆಯಬೇಡಿ. ಇಪ್ಪತ್ತು ವರ್ಷ ಹಾರಿಸಿದವರಿಗೆ ‘ನಿಮ್ಮ ವಿಮಾನ ಹಾಳಾಗಿದೆ’ ಎಂದರೆ ಮನಸ್ಸು ಮುರಿಯುತ್ತದೆ, ವ್ಯಾಪಾರವೂ ಮುರಿಯುತ್ತದೆ. ಪೂರ್ತಿ ಪಟ್ಟಿ, ಫೋಟೋ, ಅಂದಾಜು ಮೂರನ್ನೂ ಕಳಿಸಿ. ಓದಿ ಯೋಚಿಸಲು ಒಂದೆರಡು ದಿನ ಬಿಡಿ. ಆಮೇಲೆ ಫೋನ್ ಮಾಡಿ.

6. ರಿಪೇರಿಯೋ, ಬೆಲೆ ಕಡಿತವೋ?

ನನ್ನ ಒಲವು ಬೆಲೆ ಕಡಿತದ ಕಡೆಗೆ. ಮಾರಿ ಕೈತೊಳೆದುಕೊಳ್ಳುವವರಿಗೆ ಅಗ್ಗದ ರಿಪೇರಿ ಸಾಕು, ಮುಂದೆ ಹಾರಿಸುವವರಿಗೆ ಒಳ್ಳೆ ರಿಪೇರಿ ಬೇಕು. ದುಡ್ಡು ನಿಮ್ಮ ಕೈಗೆ ಬಂದರೆ ಶಾಪು, ಬಿಡಿಭಾಗ ಎರಡೂ ನಿಮ್ಮ ಆಯ್ಕೆ. ಆದರೆ ಬಿಚ್ಚಿ ನೋಡುವವರೆಗೂ ಖರ್ಚು ಎಷ್ಟೆಂದು ಗೊತ್ತಾಗದ ದೋಷಗಳಿವೆ. ಫಿಲ್ಟರಿನಲ್ಲಿ ಉಕ್ಕು ಸಿಕ್ಕಿದ್ದು ಅಂಥದ್ದು. ಅಲ್ಲಿ ಕಡಿತ ಒಪ್ಪಿದರೆ ಜೂಜಾಡಿದ ಹಾಗೆ. ಮಾರುವವರೇ ಸರಿಮಾಡಿಸಲಿ, ಇಲ್ಲವಾದರೆ ಬಿಟ್ಟುಬಿಡಿ.

ಅವರು ರಿಪೇರಿ ಮಾಡಿಸುವುದಾದರೆ ಯಾವ ಶಾಪು, ಹೊಸ ಭಾಗವೋ ಓವರ್‌ಹಾಲ್ ಆದದ್ದೋ ಎಂದು ಮೊದಲೇ ಬರೆದುಕೊಳ್ಳಿ. ಕೆಲಸ ಮುಗಿದ ಮೇಲೆ ಲಾಗ್‌ಬುಕ್ಕಿನ ನಮೂದು ನೋಡಿ, ನಿಮ್ಮ ಮೆಕ್ಯಾನಿಕ್ ಹತ್ತಿರ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಮೂರನೆಯ ದಾರಿಯೂ ಇದೆ: ಮೂರನೆಯವರು ನೋಡಿಕೊಳ್ಳುವ ಎಸ್ಕ್ರೋ ಖಾತೆಯಲ್ಲಿ ರಿಪೇರಿಯಷ್ಟು ಹಣ ತಡೆಹಿಡಿದು, ಕೆಲಸ ಮುಗಿದ ಮೇಲೆ ಉಳಿದದ್ದನ್ನು ಅವರಿಗೆ ಬಿಡುವುದು. ಒಂದು ಮಾತ್ರ ಎಂದಿಗೂ ಮಾಡಬೇಡಿ. ವಿಮಾನ ಇನ್ನೂ ಅವರ ಹೆಸರಿನಲ್ಲಿರುವಾಗ ನಿಮ್ಮ ದುಡ್ಡಿನಲ್ಲಿ ರಿಪೇರಿ ಮಾಡಿಸಬೇಡಿ.

7. ಬಿಟ್ಟು ಬರಬೇಕಾದಾಗ

ಸ್ಪಾರಿನಲ್ಲಿ ಉಬ್ಬಿದ ತುಕ್ಕು, ಮುಚ್ಚಿಟ್ಟ ಅಪಘಾತ, ಎಂಜಿನ್ ಲಾಗ್‌ಬುಕ್ಕೇ ಇಲ್ಲದೆ ಬರೀ ಬಾಯಿಮಾತಿನ ಗಂಟೆ ಲೆಕ್ಕ, ನಿಮ್ಮ ಖರ್ಚಿನಲ್ಲಿ ನೋಡುತ್ತೇವೆಂದರೂ ಬಿಚ್ಚಲು ಬಿಡದ ಮಾಲೀಕರು. ಇವುಗಳಲ್ಲಿ ಯಾವುದು ಕಂಡರೂ ನಾನು ಚೌಕಾಸಿ ಮಾಡುವುದಿಲ್ಲ. ಎಷ್ಟು ಇಳಿಸಿದರೂ ಅಷ್ಟೇ. ತಪಾಸಣೆಗೆ ಹಾಕಿದ ಸಾವಿರ, ಎರಡು ಸಾವಿರ ಡಾಲರ್ ಹೋಯಿತಲ್ಲ ಎಂಬ ಸಂಕಟಕ್ಕೆ ಕೊಂಡವರು ಆಮೇಲೆ ಅದರ ಹತ್ತರಷ್ಟು ಕಳೆದುಕೊಳ್ಳುತ್ತಾರೆ.

ಬಿಡುವುದಾದರೆ ಒಪ್ಪಂದದ ಗಡುವಿನೊಳಗೆ ಬರಹದಲ್ಲೇ ತಿಳಿಸಿ, ಮುಂಗಡ ವಾಪಸ್ ಕೇಳಿ. ಮೆಕ್ಯಾನಿಕ್ ಬಾಕಿ ಪೂರ್ತಿ ತೀರಿಸಿ. ದೋಷಗಳ ಪಟ್ಟಿಯನ್ನು ಮಾಲೀಕರಿಗೆ ಕೊಟ್ಟೇ ಬನ್ನಿ. ನಾಳೆ ಅದನ್ನು ಹಾರಿಸುವವರು ಅವರೇ ಅಲ್ವಾ?

8. ಕೊಂಡ ಮೇಲೆ ಮನೆಗೆ ತರುವುದು

ಸಹಿ ಬೀಳದ ದೋಷ ಉಳಿಸಿಕೊಂಡೇ ಕೊಂಡಿದ್ದರೆ ಸುಮ್ನೆ ಹಾರಿಸಿಕೊಂಡು ಬರುವಂತಿಲ್ಲ. ಸ್ಥಳೀಯ ಎಫ್‌ಎಎ ಕಚೇರಿಯಿಂದ ವಿಶೇಷ ಹಾರಾಟದ ಪರವಾನಗಿ, ಅಂದರೆ ಫೆರಿ ಪರ್ಮಿಟ್ ಬೇಕು. ರಿಪೇರಿ ಜಾಗದವರೆಗೆ ಸುರಕ್ಷಿತವಾಗಿ ಹಾರಬಲ್ಲದು ಎಂದು ಮೆಕ್ಯಾನಿಕ್ ನೋಡಿ ಹೇಳಬೇಕು. ಇಂಥ ಹಾರಾಟಕ್ಕೆ ವಿಮೆ ಅನ್ವಯಿಸುತ್ತದೆಯೇ ಎಂದು ವಿಮೆಯವರಿಂದ ಬರಹದಲ್ಲಿ ತರಿಸಿಕೊಳ್ಳಿ. ಆ ಹಾರಾಟಕ್ಕೆ ಪ್ರಯಾಣಿಕರನ್ನು ಕೂರಿಸಿಕೊಳ್ಳಬೇಡಿ. ಆ ಮಾದರಿಯಲ್ಲಿ ಹೆಚ್ಚು ಅನುಭವ ಇಲ್ಲದಿದ್ದರೆ ದುಡ್ಡು ಕೊಟ್ಟು ಫೆರಿ ಪೈಲಟ್ ಕರೆಸಿ.

ದೋಷ ಸರಿಹೋಗಿ ಆನ್ಯುಯಲ್ ಸಹಿಯಾದ ಮೇಲೂ ಆ ಪಟ್ಟಿ ಎಸೆಯಬೇಡಿ. ಮೂರನೇ ಗುಂಪಿನಲ್ಲಿದ್ದವು ಮುಂದಿನ ಎರಡು ಮೂರು ವರ್ಷದ ಖರ್ಚಿನ ಪಟ್ಟಿ. ಮೊದಲ 10 ಗಂಟೆ ಹಾರಿಸಿದ ಮೇಲೆ ಆಯಿಲ್ ಬದಲಿಸಿ, ಫಿಲ್ಟರ್ ಮತ್ತೆ ಕತ್ತರಿಸಿ ನೋಡಿ, ಪ್ರೀ-ಬೈ ದಿನದ ಫೋಟೋ ಪಕ್ಕ ಇಟ್ಟು ಹೋಲಿಸಿ. ಆಯಿಲ್ ಸ್ಯಾಂಪಲ್ ಪ್ರಯೋಗಾಲಯಕ್ಕೆ ಕಳಿಸಲು ಅದೇ ಸರಿಯಾದ ಸಮಯ.